‘ಧಾ’ದ ಅಡಿಯಲ್ಲಿ ಒಂದು ಕಟಕ್

ಭಾನುವಾರ ಬೆಳಿಗ್ಗೆ ಕ್ಯಾಮೆರಾದ ಚೀಲ ಹೆಗಲಿಗೇರಿಸುವಾಗ ಈಗೀಗ ನನ್ನಿಂದ ಒಂದು ನಿಟ್ಟುಸಿರು ತಾನಾಗಿಯೇ ಹೊರಡುತ್ತದೆ. ನನಗೆ ಅದು ಗೊತ್ತೂ ಆಗುವುದಿಲ್ಲ. ಅಡುಗೆಮನೆಯಲ್ಲಿರುವ ಹೆಂಡತಿಗೆ ಮಾತ್ರ ಕೇಳಿಸುತ್ತದೆ. "ಅಷ್ಟು ಬೇಜಾರಿದ್ರೆ ಹೋಪದೆಂತಕ್ಕೆ? ಬತ್ನಿಲ್ಲೆ ಹೇಳಿದ್ರೆ ಆತಲ," ಎನ್ನುತ್ತಾಳೆ. ಬರುವುದಿಲ್ಲ ಎಂದು ಹೇಳುವ ಧೈರ್ಯ ಇದ್ದಿದ್ದರೆ ಇಪ್ಪತ್ತು ವರ್ಷಗಳ ಹಿಂದೆಯೇ ಹೇಳುತ್ತಿದ್ದೆ. ನಾನು ಬಲಗೈಯ ತೋರುಬೆರಳನ್ನು ಬಿಸಿನೀರಿನ ಲೋಟದಲ್ಲಿ ಅದ್ದಿಕೊಂಡು ಇನ್ನೊಂದು ಗಳಿಗೆ ಕೂತಿರುತ್ತೇನೆ. ಬೆಳಗಿನ ಹೊತ್ತು ಅದು ಬಗ್ಗುವುದಿಲ್ಲ. ಮೊಣಕಾಲಿನದು ಬೇರೆಯೇ ಕತೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ಕಡೆ ಹಿಂದೂಸ್ತಾನಿ ಸಂಗೀತ ಕೇಳುವ ಚಟ ಇರುವವರು ಬಹಳ. ಶಾಲೆಯ ಸಭಾಭವನ, ದೇವಸ್ಥಾನದ ಪೌಳಿ, ಸೊಸೈಟಿ ಕಟ್ಟಡದ ಮಹಡಿ, ಎಲ್ಲಿ ಒಂದು ಜಮಖಾನೆ ಹಾಸಿದರೂ ಭಾನುವಾರ ಇಡೀ ದಿನ ಕೂರಲು ಜನ ಸಿಗುತ್ತಾರೆ. ಶಿರಸಿಯ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ನನ್ನ ಸ್ಟುಡಿಯೋ. ಮದುವೆ, ಉಪನಯನ, ಪಾಸ್‌ಪೋರ್ಟ್ ಫೋಟೋಗಳ ನಡುವೆ ಸುಮಾರು ಮೂವತ್ತು ವರ್ಷಗಳಿಂದ ಈ ಕಛೇರಿಗಳ ಫೋಟೋ ತೆಗೆಯುತ್ತ ಬಂದಿದ್ದೇನೆ. ಕರೆಯುವವರಿಗೆ ಬೇಕಾದದ್ದು ಹಾಡುವವರ ಫೋಟೋ ಅಲ್ಲ. ದೀಪ ಹಚ್ಚಿದ್ದು, ಶಾಲು ಹೊದೆಸಿದ್ದು, ಹಣ್ಣಿನ ಬುಟ್ಟಿ ಕೊಟ್ಟದ್ದು. ಬುಟ್ಟಿಯನ್ನು ಆರು ಕೈಗಳು ಹಿಡಿದು, ಆರು ಮುಖಗಳು ನನ್ನ ಕಡೆ ತಿರುಗಿ, "ಇನ್ನೊಂದು ತೆಗಿ, ಆನು ಕಣ್ಣು ಮುಚ್ಚಿದ್ದೆ" ಎಂದು ಒಬ್ಬರು ಹೇಳುತ್ತಾರೆ. ಮೂರು ತಾಸು ಹಾಡಿದವರು ಶಾಲಿನೊಳಗೆ ಬೆವರುತ್ತ ನಿಂತಿರುತ್ತಾರೆ. ಹಾಡುತ್ತಿರುವಾಗ ತೆಗೆದ ಫೋಟೋಗಳನ್ನು ಯಾರೂ ಕೇಳುವುದಿಲ್ಲ. ಅವು ನನಗಾಗಿ ನಾನು ತೆಗೆದುಕೊಂಡವು. ಈಗ ನಾನು ಹೇಳಹೊರಟಿರುವುದೂ ಅವುಗಳ ಸಂಗತಿಯೇ.

ಕಸುಬಿಗೆ ಬಂದ ಮೊದಲ ವರ್ಷ ನನಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಒಂದು ಬೆಳಗಿನ ಕಛೇರಿ. ಹೊರಗಿನಿಂದ ಬಂದ ದೊಡ್ಡ ಗಾಯಕರು ಕಣ್ಣು ಮುಚ್ಚಿ ಆಲಾಪ ಮಾಡುತ್ತಿದ್ದರು. ಆಲಾಪದಲ್ಲಿ ತಬಲಾ ಇರುವುದಿಲ್ಲ, ತಂಬೂರಿಯ ಸದ್ದು ಬಿಟ್ಟರೆ ಸಭೆಯಲ್ಲಿ ಉಸಿರಾಟವೂ ಕೇಳುತ್ತಿತ್ತು. ನಾನು ಮುಂದಿನ ಸಾಲಿನೆದುರು ಮಂಡಿಯೂರಿ ಗುಂಡಿ ಒತ್ತಿದೆ. ಕಟಕ್ ಎಂದಿತು. ಅವರು ಹಾಡು ನಿಲ್ಲಿಸಿದರು. ಕಣ್ಣು ಬಿಟ್ಟು ನನ್ನನ್ನೇ ನೋಡಿ ಬಹಳ ಮೆತ್ತಗೆ "ಆಯ್ತಾ?" ಎಂದು ಕೇಳಿದರು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಇಡೀ ಸಭೆ ಕತ್ತು ತಿರುಗಿಸಿ ನನ್ನನ್ನು ನೋಡಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮಧ್ಯಂತರದಲ್ಲಿ ನಾನು ಅಡುಗೆಯ ಚಪ್ಪರದ ಹಿಂದೆ ಚೀಲ ಕಟ್ಟುತ್ತಿದ್ದೆ. ಮೊದಲ ಬಸ್ಸಿಗೆ ಮನೆಗೆ ಹೋಗುವುದು, ಇನ್ನು ಮದುವೆಗಳಿಗಷ್ಟೇ ಹೋಗುವುದು ಎಂದು ತೀರ್ಮಾನ ಮಾಡಿಯಾಗಿತ್ತು. ಆಗ ಆ ದಿನ ತಬಲಾ ಬಾರಿಸುತ್ತಿದ್ದವರು ಎರಡು ಲೋಟ ಕಷಾಯ ಹಿಡಿದುಕೊಂಡು ಬಂದರು. ಶಿರಸಿಯಿಂದ ಮೂಡಲಿಗೆ, ಬನವಾಸಿ ದಾರಿಯ ಒಂದು ಹಳ್ಳಿಯವರು. ಧಾರವಾಡದಲ್ಲಿ ಕಲಿತು ಬಂದು ಊರಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಎಲ್ಲರೂ ಅವರನ್ನು ಮಾಸ್ತರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತ ಬಂದೆ.

"ಕೈ ಕೊಡ್ರಿ ಇಲ್ಲಿ," ಎಂದರು. ನನ್ನ ಅಂಗೈ ಬಿಡಿಸಿ ಅದರ ಮೇಲೆ ತಮ್ಮ ಬೆರಳಿನಿಂದ ಒಂದೊಂದಾಗಿ ಎಣಿಸಿದರು. "ಇದು ತೀನ್‌ತಾಲ. ಹದಿನಾರು ಮಾತ್ರೆ. ಹದಿನಾರು ಮುಗದ ಕೂಡ್ಲೆ ಮತ್ತ ಒಂದು. ಆ ಒಂದಕ್ಕ ಸಮ ಅಂತೀವಿ. ಹಾಡವರು ಎಲ್ಲಿ ತಿರಗ್ಯಾಡಿದ್ರೂ ಅಲ್ಲಿಗೇ ಬರಬೇಕು, ನಾನೂ ಅಲ್ಲಿಗೇ ಬರಬೇಕು. ಬಂದಾಗ ಎರಡೂ ಕೈಲೆ 'ಧಾ' ಅಂತ ಹೊಡೀತೀನಿ. ನಿಮ್ಮ ಕಟಕ್ ಅದರ ಕೆಳಗ ಹಾಕ್ರಿ. ನಾ ಮುಚ್ಚತೀನಿ."

ಅಂದು ಮಧ್ಯಾಹ್ನದ ಕಛೇರಿಗೆ ನಾನು ಮನೆಗೆ ಹೋಗದೆ ಉಳಿದೆ. ಮಾಸ್ತರು ಬಾರಿಸುತ್ತಲೇ ಸಮ ಬರುವುದಕ್ಕೆ ಸ್ವಲ್ಪ ಮೊದಲು ನನ್ನ ಕಡೆ ಹುಬ್ಬು ಏರಿಸುತ್ತಿದ್ದರು. ನಾನು ಒತ್ತುತ್ತಿದ್ದೆ. ಅವರ 'ಧಾ', ಸಭಿಕರ 'ವಾಹ್', ಎರಡರ ಅಡಿಯಲ್ಲಿ ನನ್ನ ಕಟಕ್ ಹೇಳಹೆಸರಿಲ್ಲದೆ ಹೋಗುತ್ತಿತ್ತು. ಆರು ತಿಂಗಳು ಹುಬ್ಬಿನ ಸನ್ನೆ ನಡೆಯಿತು. ಆಮೇಲೆ ನನ್ನ ಬೆರಳಿಗೇ ಎಣಿಕೆ ಬಂದುಬಿಟ್ಟಿತು.

ಇದರಿಂದ ಇನ್ನೊಂದು ಲಾಭವಾಯಿತು. ಸಮಕ್ಕೆ ಬಂದು ಮುಟ್ಟಿದ ಗಳಿಗೆಯಲ್ಲಿ ಹಾಡುವವರ ಮುಖದಲ್ಲಿ ಒಂದು ಬಿಡುಗಡೆ ಇರುತ್ತದೆ. ಅದು ಮತ್ತೆ ಯಾವಾಗಲೂ ಇರುವುದಿಲ್ಲ. ತಬಲಾದವರ ಎರಡೂ ಕೈ ಚರ್ಮದ ಮೇಲೆ, ಹಾರ್ಮೋನಿಯಂನವರ ಕತ್ತು ಒಂದು ಪಕ್ಕಕ್ಕೆ, ಎಲ್ಲರೂ ಒಂದೇ ಕಡೆ ಬಂದು ಇಳಿದಿರುತ್ತಾರೆ. ನಾನು ಒತ್ತುತ್ತಿದ್ದುದೇ ಆಗ. ನೋಡಿದವರು ನನ್ನ ಫೋಟೋದಲ್ಲಿ ಹಾಡು ಕೇಳಿಸುತ್ತದೆ ಎಂದರು. ನನಗೆ ಸಣ್ಣಗೆ ಕೋಡು ಮೂಡಿತು. ಯಾರಾದರೂ ಈ ಗುಟ್ಟು ಕೇಳಿದರೆ ಎಲ್ಲ ಅನುಭವ ಎನ್ನುತ್ತಿದ್ದೆ. ಮಾಸ್ತರು ಕಲಿಸಿದ್ದು ಎಂದು ಒಂದು ಸಲವೂ ಹೇಳಿದ ನೆನಪಿಲ್ಲ.

ಕಳೆದುಕೊಂಡದ್ದು ಬೇರೆ. ಎಣಿಸಿ ಎಣಿಸಿ ನನಗೆ ಹಾಡು ಕೇಳಿಸುವುದೇ ನಿಂತುಹೋಯಿತು. ಮೊದಮೊದಲು ಒಂದೆರಡು ರಾಗ ಗುರುತು ಸಿಗುತ್ತಿದ್ದವು. ಆಮೇಲೆ ಎಲ್ಲವೂ ಹದಿನಾರೇ ಆದವು. ಮನೆಗೆ ಬಂದಾಗ ಹೆಂಡತಿ "ಎಂತ ಹಾಡಿದ?" ಎಂದು ಕೇಳುತ್ತಿದ್ದಳು. ಎಷ್ಟು ಹೊತ್ತು ಹಾಡಿದರು, ಬೆಳಕು ಹೇಗಿತ್ತು, ಮೈಕು ಯಾರ ಮುಖಕ್ಕೆ ಅಡ್ಡ ಬಂತು, ಇಷ್ಟೇ ನಾನು ಹೇಳುತ್ತಿದ್ದುದು. ಅಷ್ಟು ವರ್ಷ ಅಷ್ಟು ಹತ್ತಿರ ಕೂತು ಅಷ್ಟು ಕಡಿಮೆ ಕೇಳಿದವನು ಈ ಸೀಮೆಯಲ್ಲಿ ನನ್ನ ಬಿಟ್ಟರೆ ಇನ್ನೊಬ್ಬ ಇರಲಾರ. ಈಗ ಸದ್ದೇ ಮಾಡದ ಕ್ಯಾಮೆರಾಗಳು ಬಂದಿವೆ. ನನ್ನ ಸ್ಟುಡಿಯೋದಲ್ಲೂ ಒಂದು ಇದೆ, ಮದುವೆಗೆ ಒಯ್ಯುತ್ತೇನೆ. ಕಛೇರಿಗೆ ಮಾತ್ರ ಹಳೆಯದೇ ಬೇಕು. ಬೆರಳು ಅದಕ್ಕೆ ಒಗ್ಗಿದೆ ಎಂದು ನಾನು ಹೇಳಿಕೊಳ್ಳುತ್ತಿದ್ದೆ.

ನನ್ನ ತಪ್ಪು ಶುರುವಾದದ್ದು ಎರಡು ವರ್ಷಗಳ ಹಿಂದಿನ ಚಳಿಗಾಲದಲ್ಲಿ. ಕಂಪ್ಯೂಟರಿನ ಮುಂದೆ ಕೂತು ಒಂದು ಕಛೇರಿಯ ಫೋಟೋಗಳನ್ನು ನೋಡುತ್ತಿದ್ದೆ. ಹಾಡುವವರ ಬಾಯಿ ಸರಿಯಾಗಿ ಸಮದಲ್ಲಿ ತೆರೆದಿದೆ, ಮುಖದಲ್ಲಿ ಆ ಬಿಡುಗಡೆ ಇದೆ. ಮಾಸ್ತರ ಬಲಗೈ ಮಾತ್ರ ತಬಲಾದಿಂದ ನಾಲ್ಕು ಬೆರಳು ಮೇಲಿದೆ. ಇನ್ನೊಂದು ಫೋಟೋದಲ್ಲೂ ಹಾಗೇ. ಹಳೆಯ ವರ್ಷಗಳ ಫೋಟೋ ತೆಗೆದು ನೋಡಿದೆ, ಅವುಗಳಲ್ಲಿ ಕೈ ಚರ್ಮದ ಮೇಲೇ ಇತ್ತು. ಮುಂದಿನ ಮೂರು ಕಛೇರಿಗಳಲ್ಲಿ ಅದನ್ನೇ ಗಮನಿಸಿದೆ. ಹಾಡುವವರು ಬಂದು ಮುಟ್ಟಿದ್ದಾರೆ, ಮಾಸ್ತರು ಇನ್ನೂ ಬಂದಿಲ್ಲ. ಅವರಿಗೆ ಆಗಲೇ ಎಪ್ಪತ್ತು ದಾಟಿತ್ತು. ವಯಸ್ಸಾಯಿತು ಪಾಪ, ಅಂದುಕೊಂಡೆ. ನಿಜ ಹೇಳಬೇಕೆಂದರೆ ಆ 'ಪಾಪ'ದ ಜೊತೆಗೆ ಸ್ವಲ್ಪ ಸಿಟ್ಟೂ ಇತ್ತು. ನನ್ನ ಫೋಟೋಗಳು ಕೆಡುತ್ತಿದ್ದವಲ್ಲ.

ಆ ದಿನಗಳಲ್ಲೇ ಸಿದ್ದಾಪುರ ಕಡೆಯ ಒಂದು ಸಂಗೀತ ಬಳಗದ ಕಾರ್ಯದರ್ಶಿ ಸ್ಟುಡಿಯೋಕ್ಕೆ ಬಂದರು. ನನಗಿಂತ ಹತ್ತು ವರ್ಷ ಹಿರಿಯರು, ನನ್ನನ್ನು ತಮಾ ಎಂದೇ ಕರೆಯುವವರು. ವರ್ಷಕ್ಕೊಮ್ಮೆ ಅವರು ನಡೆಸುವ ಇಡೀ ದಿನದ ಸಂಗೀತಕ್ಕೆ ಕರೆಯೋಲೆ ಮಾಡಿಸಲು ಫೋಟೋ ಆರಿಸುತ್ತಿದ್ದರು. ಆ ಕಾರ್ಯಕ್ರಮಕ್ಕೆ ಮೊದಲಿನಿಂದಲೂ ಮಾಸ್ತರದೇ ತಬಲಾ. ಮದುವೆಯ ಆಲ್ಬಮ್ ಒಂದು ತಡವಾಗಿ ಬೆಳಿಗ್ಗೆಯಿಂದ ನಾಲ್ಕು ಫೋನು ಬಂದಿದ್ದವು, ನನಗೆ ತಲೆ ಕೆಟ್ಟಿತ್ತು. ಅವರು ಪರದೆಯ ಮೇಲೆ ಬೆರಳಿಟ್ಟು, "ಇದೆಂತ, ಎಲ್ಲದ್ರಲ್ಲೂ ಮಾಸ್ತರ ಕೈ ಮೇಲೇ ಇದ್ದು?" ಎಂದರು.

"ಅವರ ಕೈ ಈಗ ಸಮಕ್ಕೆ ಬರ್ತಿಲ್ಲೆ," ಎಂದೆ. ಅಷ್ಟಕ್ಕೆ ಸುಮ್ಮನಾಗಬಹುದಿತ್ತು. ಹಳೆಯ ಫೋಟೋ, ಹೊಸ ಫೋಟೋ ಅಕ್ಕಪಕ್ಕ ಇಟ್ಟು ತೋರಿಸಿದೆ. ಒಂದೇ ಹಾಡುಗಾರರು, ಒಂದೇ ಜಾಗ, ಒಂದರಲ್ಲಿ ಕೈ ಕೆಳಗೆ, ಒಂದರಲ್ಲಿ ಮೇಲೆ. ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. "ಹೌದಲೋ ತಮಾ. ನಿನ್ನ ಕಣ್ಣೇ ಕಣ್ಣು," ಎಂದರು. ಹೊಗಳಿಕೆ ನನಗೆ ಹಿತವಾಗಿತ್ತು ಎನ್ನುವುದನ್ನು ಬರೆಯಲು ನಾಚಿಕೆಯಾಗುತ್ತದೆ.

ನಮ್ಮ ಕಡೆ ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಹೇಳುವ ಅಭ್ಯಾಸವಿಲ್ಲ. ಆ ವರ್ಷ ಕಾರ್ಯದರ್ಶಿಗಳು ಮಾಸ್ತರಿಗೆ ಫೋನು ಮಾಡಿ, "ಅಷ್ಟು ದೂರ ಬಸ್ಸಲ್ಲಿ ನಿಮಗೆ ಸುಮ್ಮನೆ ತ್ರಾಸು, ಈ ಸಲ ಕೂತು ಕೇಳಿ ಸಾಕು" ಎಂದರಂತೆ. ಮಾತು ಹರಡಿ ಯಲ್ಲಾಪುರದವರೂ ತ್ರಾಸು ಬೇಡ ಎಂದರು. ಶಿರಸಿಯವರಿಗೆ ಬಸ್ಸಿನ ನೆಪವೂ ಇರಲಿಲ್ಲ, ಅವರು ಫೋನನ್ನೇ ಮಾಡಲಿಲ್ಲ. ಒಂದು ಚಳಿಗಾಲ ಮುಗಿದು ಮಳೆಗಾಲ ಬರುವಷ್ಟರಲ್ಲಿ ಮೂರು ತಾಲೂಕಿನಲ್ಲಿ ಮಾಸ್ತರ ತಬಲಾ ನಿಂತುಹೋಗಿತ್ತು. ಯಾರೂ ಕಾರಣ ಹೇಳಲಿಲ್ಲ, ಅವರೂ ಯಾರನ್ನೂ ಕೇಳಲಿಲ್ಲ.

ಸಿದ್ದಾಪುರ ಕಡೆಯ ಹೆಗ್ಗರಣೆಯಲ್ಲಿ ಒಂದು ಮಧ್ಯಾಹ್ನದ ಕಛೇರಿಯಲ್ಲಿ ಅವರನ್ನು ಕೇಳುಗರ ನಡುವೆ ಕಂಡೆ. ಇಸ್ತ್ರಿ ಮಾಡಿದ ಬಿಳಿ ಜುಬ್ಬಾ, ಬಾರಿಸಲು ಬರುವಾಗ ಹಾಕುತ್ತಿದ್ದದ್ದೇ. ಮುಂದಿನ ಕುರ್ಚಿಯ ಬೆನ್ನಿನ ಮೇಲೆ ಬೆರಳುಗಳು ಸದ್ದಿಲ್ಲದೆ ಆಡುತ್ತಿದ್ದವು. ವಿರಾಮದಲ್ಲಿ ನನ್ನ ಹತ್ತಿರ ಬಂದು "ಬೆಳಕ ಚಲೋ ಅದ ಏನ್ರಿ ಇವತ್ತ?" ಎಂದು ಕೇಳಿದರು. ಹೌದು ಎಂದೆ. ಇನ್ನೇನೋ ಕೇಳುವವರ ಹಾಗೆ ಅಲ್ಲೇ ಸ್ವಲ್ಪ ಹೊತ್ತು ನಿಂತರು. ನಾನು ಬ್ಯಾಟರಿ ಬದಲಾಯಿಸುವ ನೆಪ ಮಾಡಿ ತಲೆ ತಗ್ಗಿಸಿದೆ. ಮೇಲೆ ನೋಡಿದಾಗ ಅವರು ಕಾಫಿಯ ಸಾಲಿನಲ್ಲಿದ್ದರು.

ಈ ವರ್ಷ ಯಲ್ಲಾಪುರದಲ್ಲಿ ಒಂದು ಭಾನುವಾರದ ಸಂಗೀತ. ಸಭಾಭವನ ಹೆದ್ದಾರಿಯ ಪಕ್ಕದಲ್ಲೇ. ಅರಬೈಲ್ ಘಟ್ಟ ಹತ್ತಿ ಬಂದ ಲಾರಿಗಳು ಆಲಾಪದ ನಡುವೆ ಹಾರ್ನು ಹೊಡೆಯುತ್ತಿದ್ದವು. ತಬಲಾಕ್ಕೆ ಹುಬ್ಬಳ್ಳಿಯಿಂದ ಬಂದವನು ಇಪ್ಪತ್ತೆಂಟರ ತರುಣ, ದೇಶವೆಲ್ಲ ಸುತ್ತಿ ದೊಡ್ಡದೊಡ್ಡವರಿಗೆ ಸಾಥ್ ಕೊಟ್ಟವನು. ಸಭಿಕರು ಅವನ ಒಂದೊಂದು ಸಮಕ್ಕೂ ಕುರ್ಚಿಯಿಂದ ಏಳುತ್ತಿದ್ದರು. ನಾನು ಎಂದಿನಂತೆ ಹದಿನಾರು ಎಣಿಸುತ್ತ ಒತ್ತುತ್ತ ಹೋದೆ. ಮನೆಗೆ ಬಂದು ಊಟ ಮಾಡಿ ಫೋಟೋಗಳನ್ನು ತೆರೆದೆ. ಮಾಸ್ತರ ತಬಲಾ ನಿಂತ ಮೇಲೆ ಬಾರಿಸುವವರ ಕೈ ನೋಡುವುದನ್ನೇ ಬಿಟ್ಟಿದ್ದೆ, ಅಂದು ಏಕೋ ಕಣ್ಣು ಅಲ್ಲಿಗೇ ಹೋಯಿತು.

ಅವನ ಬಲಗೈ ತಬಲಾದಿಂದ ನಾಲ್ಕು ಬೆರಳು ಮೇಲಿತ್ತು.

ಇವನೂ ತಡವೇ ಎಂಬುದು ನನ್ನ ಮೊದಲ ಯೋಚನೆ! ಅಷ್ಟರ ಮಟ್ಟಿಗೆ ನಾನು ನನ್ನ ಬೆರಳನ್ನು ನಂಬಿದ್ದೆ. ಮುಂದಿನ ಫೋಟೋ, ಅದರ ಮುಂದಿನದು, ಎಲ್ಲದರಲ್ಲೂ ಕೈ ಅಲ್ಲೇ. ಆಮೇಲೆ ಚೌಕಟ್ಟಿನ ಮೂಲೆಯಲ್ಲಿದ್ದ ಸಭಿಕರ ಕಡೆ ಕಣ್ಣು ಹೋಯಿತು. ತಲೆಗಳು ತೂಗಿ ಮುಗಿದಿದ್ದವು. ಒಬ್ಬರು 'ವಾಹ್' ಎಂದು ಚಾಚಿದ ಕೈಯನ್ನು ಆಗಲೇ ಮಡಿಲಿಗೆ ಇಳಿಸುತ್ತಿದ್ದರು. ಹಾಡುವವರ ಸ್ವರ ಸಮ ದಾಟಿಯೂ ನಿಂತಿರುತ್ತದೆ, ಬಾಯಿ ತೆರೆದೇ ಇರುತ್ತದೆ. ತಬಲಾದ ಕೈ ಹಾಗಲ್ಲ, ಹೊಡೆದ ಕೂಡಲೇ ಮೇಲೇಳುತ್ತದೆ. ಫೋಟೋದಲ್ಲಿ ಮೇಲಿರುವ ಕೈ ಇಳಿಯಲಿದೆಯೋ ಹೊಡೆದು ಎದ್ದಿದೆಯೋ ಎಂದು ಫೋಟೋ ಹೇಳುವುದಿಲ್ಲ. ಇಳಿಯಲಿದೆ ಎಂದು ನಾನು ಹೇಳಿಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಹೆಂಡತಿಯನ್ನು ಕರೆದು ಒಂದು ತಟ್ಟೆ, ಒಂದು ಸೌಟು ಕೈಗೆ ಕೊಟ್ಟೆ. ಒಂದೇ ಸಮನೆ ಎಣಿಸುತ್ತ ಪ್ರತಿ ಎಂಟಕ್ಕೊಮ್ಮೆ ತಟ್ಟೆಗೆ ಬಡಿಯಬೇಕು ಎಂದೆ. "ಮರುಳು ಹಿಡತ್ತಾ ನಿಂಗಕ್ಕೆ? ಒಲೆ ಮೇಲೆ ಸಾರು ಇದ್ದು," ಎಂದಳು. ಆದರೂ ನನ್ನ ಮುಖ ನೋಡಿ ಕೂತಳು. ಠಣ್ ಎಂದಿತು, ಕಟಕ್ ಎಂದಿತು. ಅಡುಗೆಮನೆಯಲ್ಲಿ ತಂಬೂರಿ ಇಲ್ಲ, ವಾಹ್ ಎನ್ನುವವರಿಲ್ಲ. ಎರಡು ಸದ್ದು ಬೇರೆ ಬೇರೆಯಾಗಿ ಕೇಳಿದವು. ಹತ್ತು ಸಲ ಬಡಿದಳು, ಹತ್ತು ಫೋಟೋದಲ್ಲೂ ಸೌಟು ಮೇಲಿತ್ತು.

"ಆನು ಬಡಿದು ಆದ್ಮೇಲೆ ನಿಂಗ ಒತ್ತದು," ಎಂದಳು. ಆಮೇಲೆ "ಎಂತ ಆತು?" ಎಂದು ಕೇಳಿದಳು. ಹೇಳಿದೆ. ಅವಳು ಸೌಟನ್ನು ತೊಳೆದು ಮೊಳೆಗೆ ಸಿಕ್ಕಿಸಿ, "ಮೊದಲು ಮಾಸ್ತರ ಹತ್ರ ಹೋಗಿ," ಎಂದಳು.

ನಾನು ಮೊದಲು ಹೋದದ್ದು ಮಾಸ್ತರ ಹತ್ತಿರ ಅಲ್ಲ. ಅಷ್ಟು ಧೈರ್ಯ ಎಲ್ಲಿಂದ ಬರಬೇಕು? ಸಿದ್ದಾಪುರದ ಬಸ್ಸು ಹತ್ತಿ ಕಾರ್ಯದರ್ಶಿಗಳ ಮನೆಗೆ ಹೋದೆ. ಅವರಿಂದಲೇ ಮಾಸ್ತರಿಗೆ ಒಂದು ಫೋನು ಮಾಡಿಸಿದರೆ ನಾನು ಮುಖ ತೋರಿಸದೆಯೇ ಎಲ್ಲ ಸರಿಹೋಗುತ್ತದೆ ಎಂಬ ಲೆಕ್ಕಾಚಾರ. ಅವರು ಜಗಲಿಯಲ್ಲಿ ಎಲೆಅಡಿಕೆಯ ಕವಳ ಹಾಕುತ್ತ ಪೂರ್ತಿ ಕೇಳಿಸಿಕೊಂಡರು. ಎದ್ದು ಹೋಗಿ ಉಗುಳಿ ಬಂದು ಕೂತರು.

"ಈಗ ಹೊಸಬ್ರನ್ನ ಗೊತ್ತು ಮಾಡಿ ಆಯ್ದಲ ತಮಾ. ಮಾಸ್ತರಿಗೂ ವಯಸ್ಸಾತು. ಇನ್ನು ಅದನ್ನೆಲ್ಲ ಕೆದಕದೆಂತಕ್ಕೆ, ಬಿಡು," ಎಂದರು.

"ತಪ್ಪು ನಂದು ಹೇಳಿ ನಾಲ್ಕು ಜನಕ್ಕಾದ್ರೂ ಹೇಳಿ," ಎಂದೆ.

"ಆನು ಹೇಳ್ತೆ. ನಂಬವಲ ಅವ್ರು? ನೀನು ಫೋಟೋ ತೋರ್ಸಿದ್ದೆ. ಈಗ ತೋರ್ಸಲೆ ಎಂತ ಇದ್ದು ನಿನ್ನ ಹತ್ರ?"

ನನ್ನ ಹತ್ತಿರ ಇದ್ದದ್ದು ಸೌಟಿನ ಹತ್ತು ಫೋಟೋ. ಅವರ ಮನೆಯ ಮಜ್ಜಿಗೆ ಕುಡಿದು ಮೂರು ಗಂಟೆಯ ಬಸ್ಸಿಗೆ ಶಿರಸಿಗೆ ಬಂದೆ. ಇಡೀ ದಾರಿ ನನಗೆ ಆದದ್ದು ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ ಸುಸ್ತು. ಒಂದು ಮಾತನ್ನು ಮೂರು ತಾಲೂಕಿಗೆ ಹಂಚಲು ಒಂದು ನಿಮಿಷವೂ ಬೇಕಾಗಿರಲಿಲ್ಲ. ಅದನ್ನು ವಾಪಸು ತರಲು ಇನ್ನೆಷ್ಟು ಬಸ್ಸು ಹತ್ತಬೇಕೋ ಎಂದು ಯೋಚಿಸಿದರೇ ಮೊಣಕಾಲು ನೋಯುತ್ತಿತ್ತು.

ಗುರುವಾರ ಬನವಾಸಿ ದಾರಿಯ ಬಸ್ಸು ಹಿಡಿದೆ. ಮಾಸ್ತರು ಅಂಗಳದಲ್ಲಿ ಮೆಕ್ಕೆಜೋಳ ಹರವಿ ಕೋಳಿ ಬರದಂತೆ ಕಾಯುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದು ನಿಂತರು. "ಬರ್ರಿ, ಬರ್ರಿ. ಬಿಸಲಾಗ ಬಂದೀರಿ, ಒಳಗ ಬರ್ರಿ," ಎಂದು ಚಾಪೆ ಹಾಸಿ ನೀರು ಕೊಟ್ಟರು. ಪಾಠದ ಕೋಣೆಯಲ್ಲಿ ತಬಲಾದ ಜೋಡಿ ಬಟ್ಟೆಯ ಗವುಸಿನೊಳಗೆ ಗೋಡೆಗೆ ಸೇರಿಕೊಂಡಿತ್ತು. ಗವುಸಿನ ಮೇಲೆ ಧೂಳು ಕೂತಿತ್ತು.

ಹೇಳಿದೆ. ಸುತ್ತುಬಳಸದೆ ಹೇಳಬೇಕೆಂದು ಬಸ್ಸಿನಲ್ಲಿ ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದೆ. ಫೋಟೋ ನೋಡಿದ್ದು, ಕಾರ್ಯದರ್ಶಿಗೆ ಹೇಳಿದ್ದು, ಯಲ್ಲಾಪುರದ್ದು, ಸೌಟಿನದು, ಎಲ್ಲ ಹೇಳಿ ಮುಗಿಸಿದೆ. ಸೌಟು ಎಂದಾಗ ಅವರ ಮುಖದಲ್ಲಿ ಸ್ವಲ್ಪ ನಗು ಬಂದು ಹೋಯಿತು.

"ನೀವು ಹೇಳಿದ್ದು ನನಗ ಗೊತ್ತಿತ್ತು," ಎಂದರು. "ಯಾರೋ ಅಂದ್ರು, ಫೋಟೋದಾಗ ಬಂದದ ಅಂತ. ಫೋಟೋದಾಗ ಬಂದದ ಅಂದ ಮ್ಯಾಲ ನಾ ಏನ ಹೇಳ್ಲಿ? ನನ್ನ ಕೈನ ಹಿಂದ ಬಿದ್ದಿರಬೇಕು ಅಂದ್ಕೊಂಡೆ."

"ನಿಮಗೆ ಬಾರಿಸುವಾಗ ಗೊತ್ತಾಗ್ತಿರಲಿಲ್ವಾ ಮಾಸ್ತರೇ, ಸರಿ ಬೀಳ್ತಿದೆ ಅಂತ?"

ಅವರು ಅಂಗಳದ ಕಡೆ ನೋಡಿದರು. ಒಂದು ಕೋಳಿ ಜೋಳಕ್ಕೆ ಬಾಯಿ ಹಾಕಿತ್ತು. ಹುಶ್ ಎಂದು ಓಡಿಸಿ ಬಂದು ಕೂತರು.

"ನಿಮ್ಮ ಕಟಕ್ ನನ್ನ ಧಾದ ಹೊರಗ ಬೀಳೋದು ನನಗ ಕೇಳಸ್ತಿತ್ತರಿ. ಒಂದು ವರ್ಷ ಆಗಿತ್ತು ಅದು ಶುರು ಆಗಿ. ಜನಕ್ಕ ಕೇಳಬಾರದು ಅಂತ ನಾ ಎಡಗಡೆ ಡಗ್ಗಾದ ಮ್ಯಾಲ ಕೈ ಒತ್ತಿ ಧಾ ಸ್ವಲ್ಪ ಉದ್ದ ಎಳೀತಿದ್ದೆ. ಅದರೊಳಗ ನೀವು ಮುಚ್ಚಿ ಹೋಗ್ತಿದ್ರಿ. ನೀವು ಹಂಗಂದ್ರಿ ಅಂತ ಕೇಳಿದ ಮ್ಯಾಲ, ನೀವು ಹಿಂದ ಬೀಳ್ತಿರಲಿಲ್ಲ, ನಾನ ಏನೋ ಹೆಚ್ಚುಕಮ್ಮಿ ಮಾಡ್ತಿದ್ದೆ ಅಂತ ತಿಳದೆ."

ಒಂದು ವರ್ಷ ಅವರು ನನ್ನನ್ನು ಮುಚ್ಚಿದ್ದರು. ಅದೇ ವರ್ಷ ನಾನು ಅವರ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ಊರಿಗೆ ತೋರಿಸಿದ್ದೆ. ಕ್ಷಮಿಸಿ ಎಂದೆ. ಆ ಪದ ಬಾಯಿಂದ ಬಂದಾಗ ಎಷ್ಟು ಸಣ್ಣದಿದೆ ಎನ್ನಿಸಿತು.

"ಇರ್ಲಿ ಬಿಡ್ರಿ," ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಹಾಗೆನ್ನಲಿಲ್ಲ. ಎದ್ದು ಹೋಗಿ ಗವುಸು ಬಿಚ್ಚಿ ತಬಲಾ ತಂದು ನನ್ನೆದುರು ಇಟ್ಟರು. ಸಣ್ಣ ಸುತ್ತಿಗೆಯಿಂದ ಸುತ್ತಲೂ ಮೆಲ್ಲಗೆ ಬಡಿದು ಶ್ರುತಿ ಮಾಡಿದರು. ಅದಕ್ಕೇ ಬಹಳ ಹೊತ್ತು ಹಿಡಿಯಿತು, ನಡುವೆ ಎರಡು ಸಲ ನಿಲ್ಲಿಸಿ ಮಣಿಕಟ್ಟು ತಿಕ್ಕಿಕೊಂಡರು.

"ಎಷ್ಟ ದಿನ ಆತು ಮುಟ್ಟಿ," ಎಂದರು. ನನಗಲ್ಲ, ತಮಗೇ ಹೇಳಿಕೊಂಡದ್ದು. ಆಮೇಲೆ ನನ್ನ ಕಡೆ ನೋಡಿ, "ಕ್ಯಾಮೆರಾ ತಂದೀರೇನು?" ಎಂದು ಕೇಳಿದರು. ತಂದಿಲ್ಲ ಎಂದೆ. "ಚಲೋ ಆತು. ತಾಲ ಹಾಕ್ರಿ."

ನಾನು ಅಂಗೈ ತಟ್ಟಿ ಎಣಿಸತೊಡಗಿದೆ. ನನ್ನ ಎಣಿಕೆಗೆ ಏನೂ ಆಗಿರಲಿಲ್ಲ, ಕೆಟ್ಟದ್ದು ಬೆರಳು ಮಾತ್ರ. ಅವರು ತೀನ್‌ತಾಲ ಎತ್ತಿಕೊಂಡರು. ಕಣ್ಣಿಗೆ ಏನನ್ನೂ ಅಡ್ಡ ಹಿಡಿಯದೆ ಅವರನ್ನು ನಾನು ಕೇಳುತ್ತಿದ್ದುದು ಅದೇ ಮೊದಲು. ಮೊದಲ ನಾಲ್ಕು ಸುತ್ತು ಚೆನ್ನಾಗಿ ಹೋಯಿತು, ನನಗೆ ಎದೆ ಹಗುರಾಗುತ್ತ ಬಂತು. ಆಮೇಲೆ ಒಂದು ತುಂಡು ಬಾರಿಸಿ ಅದನ್ನು ಮೂರು ಸಲ ತಿರುಗಿಸಿ ಸಮಕ್ಕೆ ತರಲು ಹೋದರು. ಹದಿನೈದು, ಹದಿನಾರು ಎಂದು ನನ್ನ ಕೈ ಬಂತು. ಅವರ ಕೈ ಬರಲಿಲ್ಲ. ಒಂದು ಕೂದಲೆಳೆಯಷ್ಟು ಹಿಂದೆ 'ಧಾ' ಬಿತ್ತು.

ಈಗ ನಿಜವಾಗಿ ಹಿಂದೆ ಬಿದ್ದಿತ್ತು. ಎರಡು ವರ್ಷ ಬಾರಿಸದೆ ಕೂತ ಕೈ ಅದು.

ಅವರು ನಿಲ್ಲಿಸಲಿಲ್ಲ. ಮತ್ತೆ ಅದೇ ತುಂಡು ಎತ್ತಿಕೊಂಡರು, ಮತ್ತೆ ಹಿಂದೆ ಬಿತ್ತು. ಹಣೆಯಲ್ಲಿ ಬೆವರು ಬಂದಿತ್ತು. ನನಗೆ ಅದನ್ನು ನೋಡಲು ಆಗಲಿಲ್ಲ. ಮೂರನೆಯ ಸಲ ಸಮ ಬರುವಾಗ ನಾನು ಅಂಗೈಯನ್ನು ಸ್ವಲ್ಪ ತಡೆದೆ. ಅವರ ಕೈ ಇಳಿಯುವುದನ್ನು ನೋಡಿಕೊಂಡು ಅದರ ಜೊತೆಗೇ ತಟ್ಟಿದೆ. ಎರಡೂ ಒಟ್ಟಿಗೆ ಬಿದ್ದವು.

ಮಾಸ್ತರು ತಬಲಾದ ಮೇಲೆ ಕೈಯೂರಿ ಬಾರಿಸುವುದನ್ನು ನಿಲ್ಲಿಸಿದರು. ನನ್ನ ಮುಖ ನೋಡಿದರು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

"ನನಗ ಕಾಯಬ್ಯಾಡ್ರಿ," ಎಂದರು. "ನಿಮ್ಮ ಎಣಿಕಿ ನೀವು ಹಾಕ್ರಿ. ನಾ ಬರ್ತೀನಿ."

ಹೊರಗೆ ಶಿರಸಿಯ ಬಸ್ಸು ಹಾರ್ನು ಹೊಡೆದು ಹೋದದ್ದು ಕೇಳಿಸಿತು. ನಾನು ಮತ್ತೆ ಒಂದರಿಂದ ಎಣಿಸತೊಡಗಿದೆ.